ಸಗಣಿ ಕೋರ್ಟು

ಟೆನಿಸ್ ಕೋರ್ಟಿಗೆ ಸಗಣಿ ಸಾರಿಸುತ್ತಿದ್ದರು ಎಂದರೆ ಈಗಿನವರು ನಗುತ್ತಾರೆ. ನಗಲಿ. ಸಾರಿಸಿದವರು ನಾವು. ನಾನು ಮತ್ತು ನಮ್ಮವ್ವ ಬೋರಮ್ಮ.

ರಾಜಾಜಿನಗರ ಆಗ ತಾನೇ ಏಳುತ್ತಿತ್ತು. ಕಲ್ಲು ನೆಟ್ಟ ಸೈಟುಗಳು, ಅಲ್ಲೊಂದು ಇಲ್ಲೊಂದು ಹೊಸ ಮನೆ, ಮಿಕ್ಕಿದ್ದೆಲ್ಲ ಜಾಲಿ ಮುಳ್ಳು. ನಮ್ಮ ಗುಡಿಸಲು ಕೇತಮಾರನಹಳ್ಳಿಯ ಹೊಲಗೇರಿಯಲ್ಲಿ. ಕ್ಲಬ್ಬಿನವರು ಕೋರ್ಟು ಮಾಡಿಕೊಂಡ ಜಾಗ ಮೊದಲು ಗೌಡರ ಕಣವಾಗಿತ್ತು. ರಾಗಿ ಬಡಿಯುವ ಕಣ. ಅದನ್ನು ಕೆತ್ತಿ, ನೀರು ಕುಡಿಸಿ, ಗುಂಡು ಎಳೆದು, ಸಗಣಿ ಬಳಿದು ಗಟ್ಟಿ ಮಾಡುತ್ತಿದ್ದವರು ನಮ್ಮಜ್ಜಿ, ನಮ್ಮವ್ವ. ರಾಗಿ ತೂರಿ, ರಾಶಿ ಹಾಕಿ, ಪೂಜೆ ಆಯಿತು ಅಂದರೆ ನಾವು ಅಂಚಿನಿಂದ ಆಚೆ. ಕಣ ಮಾಡಿದ ಕೈ ರಾಶಿ ಮುಟ್ಟಬಾರದು. ಗೌಡರು ಮೊರದಲ್ಲಿ ತಂದು ದೂರದಿಂದ ಸುರಿದದ್ದನ್ನು ಸೆರಗೊಡ್ಡಿ ಹಿಡಿದುಕೊಳ್ಳಬೇಕು.

ಸರ್ಕಾರ ಜಮೀನು ತೆಗೆದುಕೊಂಡಿತು. ಗೌಡರಿಗೆ ಪರಿಹಾರ ಬಂತು. ನಮಗೆ ಅದೇ ಕೆಲಸ ಬಂತು. ಕಣದ ಬದಲು ಕೋರ್ಟು.

ಸಾರಿಸುವುದಕ್ಕೆ ಒಂದು ರೀತಿಯಿದೆ. ಹಿಂದಿನ ಸಂಜೆ ನೆಲಕ್ಕೆ ನೀರು ಕುಡಿಸಬೇಕು. ಕೊಡ ಹೊತ್ತು ಹೊತ್ತು ನೆತ್ತಿ ಉರಿಯುತ್ತದೆ. ಬೆಳಿಗ್ಗೆ ಸಗಣಿ ಕದಡಿ, ಕಸಕಡ್ಡಿ ಸೋಸಿ, ಅಂಬಲಿಯ ಹಾಗೆ ತೆಳ್ಳಗೆ ಮಾಡಬೇಕು. ಒಬ್ಬರು ಸುರಿಯುತ್ತಾ ಬಂದರೆ ಇನ್ನೊಬ್ಬರು ಬಗ್ಗಿ ಪೊರಕೆಯಲ್ಲಿ ಬಳಿಯುತ್ತಾ ಬರಬೇಕು. ಹಿಂದಕ್ಕೆ. ಯಾವಾಗಲೂ ಹಿಂದಕ್ಕೆ. ಮುಂದಕ್ಕೆ ನಡೆದರೆ ಹೆಜ್ಜೆ ಉಳಿಯುತ್ತದೆ. ಮೆತ್ತಗಿನ ನೆಲದಲ್ಲಿ ಹಿಮ್ಮಡಿ ಇಳಿದರೆ ಗುಳಿ. ಗುಳಿ ಒಣಗಿತೋ, ಅಲ್ಲಿ ಬಿದ್ದ ಚೆಂಡು ಎಲ್ಲೆಲ್ಲೋ ಹಾರುತ್ತದೆ. ಮತ್ತೆ ಕೆತ್ತಬೇಕು, ಮತ್ತೆ ನೀರು, ಮತ್ತೆ ರೋಲರು, ಇಡೀ ದಿನ ಹಾಳು. ಅದಕ್ಕೇ ಅವ್ವ ಹಿಂದಕ್ಕೆ ಸರಿಯುತ್ತಾ, ತನ್ನ ಹೆಜ್ಜೆ ತಾನೇ ಅಳಿಸಿಕೊಳ್ಳುತ್ತಾ, ಗೇಟಿನ ತನಕ ಬರುತ್ತಿದ್ದಳು. ಆಮೇಲೆ ಬೇಲಿಯ ಕಂಬ ಹಿಡಿದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಸೊಂಟ ಬೇಗ ನೆಟ್ಟಗಾಗುತ್ತಿರಲಿಲ್ಲ.

ಅವ್ವನ ತಮ್ಮ ಮರಿಯಪ್ಪ ಆ ಕ್ಲಬ್ಬಿನ ಮಾರ್ಕರು. ನನಗೆ ಸೋದರಮಾವ. ಮಾರ್ಕರು ಅಂದರೆ ಮೆಂಬರುಗಳ ಜೊತೆ ಕೂಲಿಗೆ ಆಡುವವನು. ಅವರಿಗೆ ಎಟಕುವ ಕಡೆ ಚೆಂಡು ಹಾಕಬೇಕು. ಅವರಿಗೆ ಗೆಲ್ಲಬೇಕು ಅನ್ನಿಸಿದ ದಿನ ಸೋಲಬೇಕು. ಮಾವ ಚಿಕ್ಕಂದಿನಲ್ಲಿ ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಬಿಳೀ ದೊರೆಗಳ ಕೋರ್ಟಿನಲ್ಲಿ ಬೆಳೆದವನು. ಮೆಂಬರುಗಳ ಮಕ್ಕಳಿಗೆ ಆಟ ಕಲಿಸುವ ಕೆಲಸವೂ ಅವನದೇ.

ಮಕ್ಕಳು ಬಂದ ದಿನವೇ ಸರ್ವಿಸ್ ಮಾಡಬೇಕು ಅನ್ನುತ್ತಿದ್ದರು. ಮಾವ ರಾಕೆಟ್ಟು ಕಿತ್ತು ಪಕ್ಕಕ್ಕಿಡುತ್ತಿದ್ದ. ‘ಅಂಬೆಗಾಲಿಕ್ಕದೆ ಓಡಿದ್ ಮಗ ಐತೇನ್ರವ್ವ? ಮೊದ್ಲು ಕಾಲು. ಕೈ ಆಮ್ಯಾಕೆ’ ಅನ್ನುತ್ತಿದ್ದ. ಚೆಂಡು ಒಂದು ಪುಟ ಎದ್ದ ಮೇಲೆ ಎರಡೂ ಕೈಯಲ್ಲಿ ಹಿಡಿಯಬೇಕು, ಅದೇ ಮೊದಲ ಪಾಠ. ಹಿಡಿಯಬೇಕಾದರೆ ಓಡಬೇಕು. ಓಟ ಬಂದ ಮೇಲೆ ಅಂಗೈಯಲ್ಲಿ ಹೊಡೆತ. ಆಮೇಲೆ ಹಲಗೆ ತುಂಡು. ಆಮೇಲೆ ರಾಕೆಟ್ಟು, ಅದೂ ಗೋಡೆಗೆ. ಬಲಗಡೆಯ ಹೊಡೆತ ಕೈಗೆ ಕೂತ ಮೇಲೆ ಎಡಗಡೆಯದು. ಸರ್ವಿಸು ಕಟ್ಟಕಡೆಗೆ.

ಅವರಿಗೆ ಕಲಿಸಿದ್ದನ್ನೆಲ್ಲ ನಾನೂ ಕಲಿತೆ. ಯಾರು ತಡೆಯುತ್ತಾರೆ? ಬೇಲಿಯಾಚೆ ಸಗಣಿ ಬುಟ್ಟಿ ಇಳಿಸಿ ನೋಡುತ್ತಿದ್ದೆ. ಮೆಂಬರುಗಳು ಇಲ್ಲದ ಹೊತ್ತಿನಲ್ಲಿ ನೀರಿನ ತೊಟ್ಟಿಯ ಹಿಂಗೋಡೆಗೆ ಹಳೇ ಚೆಂಡು ಹೊಡೆಯುತ್ತಿದ್ದೆ. ಹಲಗೆ ತುಂಡಿನಲ್ಲೇ. ಅಂಗೈಯಲ್ಲಿ ಸಿಬರು ನಾಟುತ್ತಿತ್ತು. ಅವ್ವ ಅದನ್ನು ಮುಳ್ಳಿನಿಂದ ತೆಗೆಯುತ್ತಾ ಬೈಯುತ್ತಿದ್ದಳು. ‘ಚೆಂಡು ಹೊಟ್ಟೆಗಾಯ್ತದೇನೇ ನಿಂಗೆ?’

ಸೆಕ್ರೆಟರಿ ವೆಂಕಟಗಿರಿಯವರ ಮಗಳು ವತ್ಸಲಾ. ನನ್ನದೇ ವಯಸ್ಸು. ಬಿಳೀ ಫ್ರಾಕು, ಬಿಳೀ ಕ್ಯಾನ್ವಾಸ್ ಶೂಸು. ಬಲಗಡೆ ಚೆನ್ನಾಗಿ ಹೊಡೆಯುತ್ತಿದ್ದಳು. ಎಡಗಡೆ ಚೆಂಡು ಬಂದರೆ ಸುತ್ತಿಕೊಂಡು ಓಡಿಹೋಗಿ ಬಲಗಡೆಗೇ ತಂದುಕೊಳ್ಳುತ್ತಿದ್ದಳು. ಆ ವರ್ಷ ನಮ್ಮ ಕ್ಲಬ್ಬಿನಲ್ಲಿ ಹುಡುಗಿಯರ ಟೂರ್ನಮೆಂಟು ಎಂದು ತೀರ್ಮಾನವಾಯಿತು. ಮಲ್ಲೇಶ್ವರ, ಬಸವನಗುಡಿಯಿಂದೆಲ್ಲ ಹುಡುಗಿಯರು ಬರುತ್ತಾರೆ, ದೊಡ್ಡ ಅಧಿಕಾರಿಗಳು ಬರುತ್ತಾರೆ. ವೆಂಕಟಗಿರಿಯವರಿಗೆ ಮಗಳು ಗೆಲ್ಲಬೇಕು. ಅವಳ ಸಮಕ್ಕೆ ಆಡುವ ಹುಡುಗಿ ಕ್ಲಬ್ಬಿನಲ್ಲಿ ಇರಲಿಲ್ಲ.

‘ನಮ್ಮ ಪುಟ್ಟಲಕ್ಷ್ಮಿ ಅವ್ಳೆ ಸಾರ್’ ಅಂದ ಮಾವ. ನನ್ನ ಹೆಸರೇ ಅದು.

ವೆಂಕಟಗಿರಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮೊಣಕೈತನಕ ಸಗಣಿ ಇತ್ತು. ‘ಮೆಂಬರ್ಸ್ ಬರೋಕ್ ಮುಂಚೆ ಬರ್ಬೇಕು. ನೆಟ್ಟಿನ ಆ ಕಡೆ ನಿಂತ್ಕೋಬೇಕು. ಈ ಕಡೆ ಬರೋ ಹಾಗಿಲ್ಲ. ವತ್ಸಲಾ ಎಡಗಡೆ ಸರಿಮಾಡು. ಮಾಡಿದ್ರೆ ಟೂರ್ನಮೆಂಟಲ್ಲಿ ನಿನ್ ಹೆಸರೂ ಹಾಕ್ತೀನಿ, ಹೋಗು’ ಅಂದರು.

ಹಾಕ್ತೀನಿ ಅಂದರು. ಮಾವನೂ ಕೇಳಿಸಿಕೊಂಡ, ನಾನೂ ಕೇಳಿಸಿಕೊಂಡೆ. ನನಗೆ ಅವತ್ತು ಕಾಲು ನೆಲಕ್ಕೆ ತಾಗಲಿಲ್ಲ. ಗುಡಿಸಲಿಗೆ ಬಂದು ಅವ್ವನಿಗೆ ಹೇಳಿದರೆ ಅವ್ವ ರಾಗಿ ಮುದ್ದೆ ತಿರುವುತ್ತಾ ತಲೆಯೆತ್ತಲಿಲ್ಲ. ‘ದೊಡ್ಡೋರ್ ಮಾತು ಕಣವ್ವ. ನೀರ್ ಮ್ಯಾಲೆ ಬರ್ದಂಗೆ’ ಅಂದಳು. ನಾನು ಜಗಳವಾಡಿದೆ.

ಬೆಳಗಾಗುತ್ತಲೇ ಹೋಗುತ್ತಿದ್ದೆ. ಆಡಲು ವತ್ಸಲಾಳ ಹಳೇ ರಾಕೆಟ್ಟು ಕೊಟ್ಟರು. ತಂತಿ ಸಡಿಲ. ಮಾವ ಬಿಗಿ ಮಾಡಿದ. ಅವಳಿಗೆ ನಾನು ‘ನೀವು’, ನನಗೆ ಅವಳು ‘ಏನೇ’. ಇರಲಿ. ಆಟದ ಹೊತ್ತಿನಲ್ಲಿ ನನಗೆ ಅದು ಕೇಳಿಸುತ್ತಿರಲಿಲ್ಲ.

ಮಾವನ ಮಾತಿನಂತೆ ಅವಳನ್ನು ಮತ್ತೆ ಅಂಬೆಗಾಲಿಗೆ ಇಳಿಸಿದೆವು. ರಾಕೆಟ್ಟು ಕಸಿದು, ಎಡಗಡೆಗೆ ಚೆಂಡು ಎಸೆದು, ಕೈಯಲ್ಲಿ ಹಿಡಿ ಅಂದೆವು. ಅವಳಿಗೆ ಅವಮಾನವಾಯಿತು. ಅತ್ತಳು. ‘ನಂಗೆ ಬರಲ್ಲ ಕಣೇ, ಸುಮ್ನಿರೇ!’

‘ಬತ್ತದೆ. ಚೆಂಡು ಬಂದ್ಮ್ಯಾಕೆ ತಿರುಗ್ತೀರ ನೀವು. ಬರಾಕ್ ಮುಂಚೇನೇ ತಿರುಗಿ. ಬಲ ಭುಜ ನನ್ ಕಡೆ ತೋರ್ಸಿ. ನನ್ನ ಹೊಡ್ಯೋ ಹಂಗೆ ತೋರ್ಸಿ’ ಅಂದೆ.

ಮೊದಲು ಎಸೆದೆ. ಅವಳು ಹಿಡಿಯುವುದನ್ನು ಕಲಿತಳು. ಆಮೇಲೆ ಮೆತ್ತಗೆ ಹೊಡೆದೆ. ಅವಳು ತಡೆಯುವುದನ್ನು ಕಲಿತಳು. ಆಮೇಲೆ ಜೋರಾಗಿ. ಆಮೇಲೆ ದೂರಕ್ಕೆ. ಅವಳು ತಪ್ಪಿಸಿದ ಚೆಂಡುಗಳಿಗೆಲ್ಲ ಜಾಲಿ ಮುಳ್ಳಿನೊಳಗೆ ನುಗ್ಗಿದವಳು ನಾನು, ಬರಿಗಾಲಲ್ಲಿ. ಒಂದು ಬೆಳಿಗ್ಗೆ ಅವಳು ಎಡಗಡೆಯಿಂದ ಹೊಡೆದ ಚೆಂಡು ಗೆರೆ ಹಿಡಿದು ನನ್ನನ್ನು ದಾಟಿ ಹೋಯಿತು. ಇಬ್ಬರೂ ಕಿರುಚಿದೆವು. ಅವಳು ಓಡಿಬಂದು ನೆಟ್ಟಿನ ಮೇಲೆ ಕೈ ಚಾಚಿದಳು. ನಾನೂ ಚಾಚಿದೆ. ಅವಳು ವರಾಂಡದ ಕಡೆ ನೋಡಿ ಕೈಯನ್ನು ಫ್ರಾಕಿಗೆ ಒರೆಸಿಕೊಂಡಳು. ಇನ್ನೂ ಮುಟ್ಟಿರಲಿಲ್ಲ. ಮುಟ್ಟದೆಯೇ ಒರೆಸಿಕೊಂಡಳು.

ಆಟ ಮುಗಿದ ಮೇಲೆ ಕ್ಲಬ್ಬಿನ ಹಿತ್ತಲಲ್ಲಿ ಕೂರುತ್ತಿದ್ದೆ. ಬೊಗಸೆ ಒಡ್ಡಿದರೆ ಅಡುಗೆಯವನು ಮೇಲಿನಿಂದ ನೀರು ಹುಯ್ಯುತ್ತಿದ್ದ. ವತ್ಸಲಾಳ ತಾಯಿ ಮುತ್ತುಗದ ಎಲೆಯಲ್ಲಿ ಎರಡು ಇಡ್ಲಿ ಕಳಿಸುತ್ತಿದ್ದರು. ಹಿಂದಿನ ದಿನದ್ದು. ಹುಳಿ ಬಂದಿರುತ್ತಿತ್ತು. ಮಾವ ಅದನ್ನು ನೋಡಿದ ದಿನ ಹೆದರಿದವನ ಹಾಗೆ ಓಡಿಬಂದ. ‘ಏನೂ ಈಸ್ಕಬ್ಯಾಡ ಕಣೆ. ಏನ್ ಕೊಟ್ರೂ ಈಸ್ಕಬ್ಯಾಡ.’ ಯಾಕೆ ಅಂತ ಕೇಳಿದರೆ ಹೇಳಲಿಲ್ಲ. ನನಗೆ ಹಸಿವಾಗಿತ್ತು. ತಿಂದೆ. ಓಡಿದ ಹೊಟ್ಟೆ ತಿನ್ನದೆ ಏನು ಮಾಡುತ್ತದೆ?

ಟೂರ್ನಮೆಂಟಿನ ಹಿಂದಿನ ಸಂಜೆ ನಾವು ನೆಲಕ್ಕೆ ನೀರು ಕುಡಿಸುತ್ತಿದ್ದೆವು. ವರಾಂಡದಲ್ಲಿ ಮೆಂಬರುಗಳು, ಹುಡುಗಿಯರು, ಅವರ ತಾಯಂದಿರು. ವೆಂಕಟಗಿರಿ ನಿಂತು ಯಾರಿಗೆ ಯಾರು ಎದುರಾಳಿ ಎಂದು ಕೂಗಿ ಹೇಳಿದರು. ನಾನು ಕೊಡ ಇಳಿಸಿ ಕೇಳುತ್ತಾ ನಿಂತೆ. ವತ್ಸಲಾ ಎಂದರು. ಪಂಕಜಾ ಎಂದರು. ರಾಕೆಟ್ಟು ಹೇಗೆ ಹಿಡಿಯಬೇಕೆಂದು ಇನ್ನೂ ಗೊತ್ತಿಲ್ಲದ ಪಂಕಜಾ! ಎಲ್ಲರ ಹೆಸರೂ ಆಯಿತು. ಕಾಫಿ ಬಂತು.

ನಾನು ಮೆಟ್ಟಿಲ ಕೆಳಗೆ ಹೋಗಿ ನಿಂತೆ. ‘ನನ್ ಹೆಸ್ರು ಬರ್ಲಿಲ್ಲ ಸಾರ್.’

ಎಲ್ಲರೂ ತಿರುಗಿ ನೋಡಿದರು. ಯಾರೋ ತಾಯಿ ಸೆರಗನ್ನು ಮೂಗಿಗೆ ಹಿಡಿದರು. ವೆಂಕಟಗಿರಿ ನಕ್ಕರು. ‘ಅದು ರೂಲ್ಸ್ ಕಣಮ್ಮ. ಆಟಕ್ಕೆ ಕೂಲಿ ತಗೊಂಡೋರು ಪ್ರೊಫೆಷನಲ್ಲು. ಮಾರ್ಕರ್ ಇದ್ದ ಹಾಗೆ. ಅಂಥೋರು ಟೂರ್ನಮೆಂಟ್ ಆಡೋ ಹಾಗಿಲ್ಲ. ನಿಮ್ ಮಾವನ್ನೇ ಕೇಳು.’

‘ನಾ ಯಾವ್ ಕೂಲಿ ತಗಂಡೆ?’

‘ದಿನಾ ಇಡ್ಲಿ ತಿಂದಿಲ್ವೇನೇ?’

ವರಾಂಡದಲ್ಲಿ ನಗು ಎದ್ದಿತು. ‘ವತ್ಸಲಮ್ಮಾರೂ ಅದೇ ಇಡ್ಲಿ ತಿಂತಾರಲ್ಲ ಸಾರ್? ಬಿಸೀದು’ ಅಂದೆ. ನಗು ನಿಂತಿತು. ‘ನಾಲಿಗೆ ಉದ್ದ ಆಯ್ತು. ಹೋಗು, ನೀರ್ ಹಾಕು’ ಅಂದರು.

ಮಾವನನ್ನು ನೋಡಿದೆ. ಅವನು ನೆಟ್ಟಿನ ಹಗ್ಗ ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ. ಅವನನ್ನೂ ಹೀಗೇ ಮಾರ್ಕರು ಮಾಡಿದ್ದರಂತೆ, ಹುಡುಗನಾಗಿದ್ದಾಗ, ಒಂದು ಹಳೇ ಕೋಟು ಕೊಟ್ಟು. ಇಡೀ ದಂಡಿನಲ್ಲಿ ಅವನನ್ನು ಸೋಲಿಸುವವರಿರಲಿಲ್ಲ. ಒಂದು ಪಂದ್ಯವನ್ನೂ ಆಡಲು ಬಿಡಲಿಲ್ಲ. ಅದನ್ನು ಅವನು ನನಗೆ ಹೇಳಿದ್ದು ಆ ಸಂಜೆ ದಾರಿಯಲ್ಲಿ. ಮುಟ್ಟಬಾರದು ಅಂದರೆ ತಪ್ಪು ಎಂದು ನಮ್ಮ ಟೂರ್ನಮೆಂಟಿನ ಹೊತ್ತಿಗೆ ಕಾನೂನೇ ಬಂದಿತ್ತು, ಮೆಂಬರುಗಳು ಅದೇ ವರಾಂಡದಲ್ಲಿ ಕೂತು ಪೇಪರಿನಲ್ಲಿ ಓದಿದ್ದರು. ಜಾತಿ ಅಂತ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅದಕ್ಕೆ ಇಡ್ಲಿಯ ನೆಪ ಸಿಕ್ಕಿತು.

‘ನಾಳೆ ನಾ ಸಾರ್ಸಾಕ್ ಬರಾಕಿಲ್ಲ’ ಅಂದೆ ಅವ್ವನಿಗೆ.

ಅವ್ವ ಕೈಯ ಬಿರುಕಿಗೆ ಹರಳೆಣ್ಣೆ ಸವರಿಕೊಳ್ಳುತ್ತಿದ್ದಳು. ‘ನಾನೊಬ್ಳೇ ಸೊಂಟ ಮುರ್ಕಳ್ಳಾ?’ ಅಂದಳು.

ಅವಳ ಮೇಲೆ ನನಗೆ ಬಂದ ಸಿಟ್ಟು ವೆಂಕಟಗಿರಿಯ ಮೇಲೂ ಬಂದಿರಲಿಲ್ಲ. ಏನು ಜೀವ ಇದು! ಉಗಿದರೂ ಒರೆಸಿಕೊಂಡು ಬುಟ್ಟಿ ಎತ್ತುವ ಜೀವ. ಆದರೂ ಬೆಳಿಗ್ಗೆ ಎದ್ದು ಹೋದೆ. ಅವಳ ಸೊಂಟ ನನಗೆ ಗೊತ್ತಿತ್ತು. ಆ ಹಳೇ ರಾಕೆಟ್ಟನ್ನೂ ಹಿಡಿದುಕೊಂಡು ಹೋದೆ. ಅದು ಯಾಕೆ ಅಂತ ನನಗೇ ತಿಳಿಯದು.

ನಾನು ಸುರಿದೆ. ಅವ್ವ ಬಳಿದಳು. ಹಿಂದಕ್ಕೆ, ಹಿಂದಕ್ಕೆ. ಯಾವ ದಿನವೂ ಅಷ್ಟು ಚೆನ್ನಾಗಿ ಸಾರಿಸಿರಲಿಲ್ಲ. ಒಂದು ಕಡ್ಡಿಯಿಲ್ಲ, ಒಂದು ಗೆರೆಯಿಲ್ಲ. ಬಿಸಿಲು ಬೀಳುವ ಹೊತ್ತಿಗೆ ಕೋರ್ಟು ಪೂರಾ ಹಸಿರಾಗಿ ಹೊಳೆಯುತ್ತಿತ್ತು. ನಾವು ಗೇಟಿನ ಹತ್ತಿರ ಬಂದು ನಿಂತೆವು. ಅವ್ವ ಕಂಬ ಹಿಡಿದುಕೊಂಡಳು.

ವೆಂಕಟಗಿರಿ ಬಿಳೀ ಪ್ಯಾಂಟು ಹಾಕಿಕೊಂಡು ಬಂದರು. ಜೊತೆಗೆ ವತ್ಸಲಾ. ಹಿಂದೆ ಮಾವ.

‘ಭೇಷ್. ಒಂಬತ್ತಕ್ಕೆಲ್ಲ ಒಣಗುತ್ತೆ. ಮರಿಯಪ್ಪ, ಆಮೇಲೆ ಸುಣ್ಣದ ಗೆರೆ ಎಳಿ. ಬೋರಿ, ಗೆಸ್ಟುಗಳು ಬರೋ ಹೊತ್ತಿಗೆ ನೀವಿಬ್ರೂ ಇಲ್ಲಿ ಕಾಣಿಸ್ಕೋಬಾರ್ದು. ನೀನು ಹುಡುಗಿ, ಮುಳ್ಳಿನ ಆಚೆ ಕೂತಿರು. ಚೆಂಡು ಬಂದ್ರೆ ಎಸಿ.’ ಆಮೇಲೆ ನನ್ನ ಕೈಯಲ್ಲಿದ್ದ ರಾಕೆಟ್ಟು ಕಂಡಿತು. ‘ಅದನ್ ಕೊಡು. ಪಂಕಜಾಗೆ ಬೇಕು.’

ನಾನು ಕೊಡಲಿಲ್ಲ.

‘ಮರಿಯಪ್ಪ, ಅದನ್ನ ಈಸ್ಕೊ. ಹಿಡೀನ ಸೋಪು ಹಾಕಿ ಚೆನ್ನಾಗಿ ತೊಳಿ. ತೊಳೆದ ಮೇಲೆ ಪಂಕಜಾಗೆ ಕೊಡು.’

ಮಾವ ಒಂದು ಹೆಜ್ಜೆ ಬಂದ. ನಿಂತ. ನಾನು ಹಿಡಿಯನ್ನು ನೋಡಿದೆ. ನನ್ನ ಬೆವರಿಗೆ ಕಪ್ಪಾಗಿದ್ದ ಹಿಡಿ. ಇದೇ ಹಿಡಿಯಿಂದ ಅವರ ಮಗಳಿಗೆ ಎಡಗಡೆಯ ಆಟ ಬಂದಿತ್ತು. ಆಗ ತೊಳೆದಿರಲಿಲ್ಲ. ರಾಕೆಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

‘ತೊಳೀಬ್ಯಾಡ’ ಅಂದಳು ಅವ್ವ.

‘ಏನಂದೆ?’

‘ತೊಳೀಬ್ಯಾಡ ಅಂದೆ ಮರಿಯನ್ಗೆ. ನನ್ ಮಗಳ ಕೈ ಏನ್ ಹೇಲ್ ಕೈಯಾ?’

ಯಜಮಾನರ ಎದುರು ಎಲ್ಲ ಮಾತಿಗೂ ಮೊದಲು ‘ಬುದ್ಧಿ’ ಅನ್ನುತ್ತಿದ್ದಳು ಅವ್ವ. ಅವತ್ತು ಬುದ್ಧಿ ಅನ್ನಲಿಲ್ಲ. ಕಂಬ ಬಿಟ್ಟಳು. ತಿರುಗಿದಳು. ತಾನೇ ಸಾರಿಸಿದ ಹಸಿ ನೆಲದ ಮೇಲೆ ಕಾಲಿಟ್ಟಳು. ಮುಂದಕ್ಕೆ. ಹಿಮ್ಮಡಿ ಪಚಕ್ಕನೆ ಇಳಿಯಿತು. ಎತ್ತಿದಳು. ಇನ್ನೊಂದು ಇಟ್ಟಳು.

‘ಏಯ್! ಏಯ್ ಬೋರಿ! ತಲೆ ಕೆಟ್ಟಿದೆಯೇನೇ?’

ಅವ್ವ ಹಿಂತಿರುಗಲಿಲ್ಲ. ನೆಟ್ಟಿನ ತನಕ ನಡೆದಳು. ಅವಳ ಹೆಜ್ಜೆಗಳು ಗೇಟಿನಿಂದ ಅಲ್ಲಿಯವರೆಗೆ ಒಂದರ ಮುಂದೊಂದು ನಿಂತವು. ನಾನು ಅವಳ ಹೆಜ್ಜೆಯನ್ನು ಅದುವರೆಗೆ ನೋಡಿಯೇ ಇರಲಿಲ್ಲ. ಅಗಲವಾದ ಹೆಜ್ಜೆ. ಕಿರುಬೆರಳು ಇರಲಿಲ್ಲ. ರೋಲರಿಗೆ ಸಿಕ್ಕಿ ಹೋಗಿತ್ತು.

ನಾನೂ ಇಳಿದೆ. ನೆಟ್ಟಿನ ‘ಈ ಕಡೆ’ ಇಳಿದೆ, ಆಡುವಾಗ ನನಗೆ ಬಿಡದಿದ್ದ ಕಡೆ. ರಾಕೆಟ್ಟು ಹಿಡಿದು ಕೋರ್ಟಿನ ಹಿಂದಿನ ಗೆರೆ ಬರುವ ಜಾಗಕ್ಕೆ ಹೋಗಿ ನಿಂತೆ. ಮಾವ ಕಲಿಸಿದ ಹೆಜ್ಜೆಗಳನ್ನೇ ಹಾಕಿದೆ. ಬಲಕ್ಕೆ, ತಿರುಗು. ಎಡಕ್ಕೆ, ತಿರುಗು. ಮುಂದೆ ಓಡು. ಒಂದೊಂದು ಹೆಜ್ಜೆಗೂ ಒಂದೊಂದು ಗುಳಿ.

ವತ್ಸಲಾ ಗೇಟಿನಲ್ಲಿ ಅಳುತ್ತಿದ್ದಳು. ‘ಬೇಡ ಕಣೇ! ನನ್ ಮ್ಯಾಚ್ ಹಾಳ್ ಮಾಡ್ಬೇಡ್ವೇ!’

‘ನನ್ ಮ್ಯಾಚ್ ಎಲ್ಲಿ?’ ಅಂದೆ. ‘ಬಾ ವತ್ಸಲಾ. ಆಡು ಬಾ. ಎಡಗಡೆಗೆ ಹಾಕ್ತೀನಿ.’ ಮೊದಲ ಸಲ ಅವಳನ್ನು ನೀನು ಅಂದೆ. ಅವಳು ತನ್ನ ಶೂಸು ನೋಡಿಕೊಂಡಳು. ಬರಲಿಲ್ಲ.

ವೆಂಕಟಗಿರಿಯ ಮುಖ ಕೆಂಪಗಾಗಿತ್ತು. ಒಂದು ಕಾಲು ಮುಂದಿಟ್ಟರು. ಬಿಳೀ ಶೂಸು. ಹಿಂದಕ್ಕೆ ತೆಗೆದರು. ‘ಮರಿಯಪ್ಪ! ರೋಲರ್ ಎಳಿ! ಎಲ್ಲಾ ಅಳಿಸು! ಇಲ್ದಿದ್ರೆ ಇವತ್ತಿಂದ ನಿಂಗೂ ಕೆಲಸ ಇಲ್ಲ, ಈ ಮುಂಡೇರಿಗೂ ಇಲ್ಲ. ಪೊಲೀಸ್ರನ್ನ ಕರೀತೀನಿ!’

ಮಾವನಿಗೆ ಮನೆಯಲ್ಲಿ ಎಳೆ ಮಕ್ಕಳು. ಅವನು ರೋಲರಿನ ಹಗ್ಗವನ್ನು ಭುಜಕ್ಕೆ ಹಾಕಿಕೊಂಡ. ಎಳೆದ. ಕಲ್ಲಿನ ಉರುಳೆ ಕಿರುಗುಟ್ಟುತ್ತಾ ಕೋರ್ಟಿಗೆ ಇಳಿಯಿತು. ಗೇಟಿನ ಬಳಿಯ ಅವ್ವನ ಮೊದಲ ಹೆಜ್ಜೆ ಅದರ ಕೆಳಗೆ ಹೋಯಿತು. ಎರಡನೆಯದೂ ಹೋಯಿತು. ನಾನು ಕೂಗಿಕೊಂಡೆ. ಮಾವ ತಲೆ ತಗ್ಗಿಸಿಕೊಂಡು ಎಳೆಯುತ್ತಲೇ ಇದ್ದ, ಕಣ್ಣು ಮುಚ್ಚಿದ್ದ.

ಅವ್ವ ಬಂದು ರೋಲರಿನ ದಾರಿಗೆ ಅಡ್ಡ ಕೂತಳು. ಹಸಿ ಸಗಣಿಯ ಮೇಲೆ, ಕಾಲು ಚಾಚಿ.

‘ಎಳಿ ಮರಿಯ. ಒಂದ್ ಬೆರಳು ಆಗ್ಲೇ ತಿಂದದೆ ಈ ಕಲ್ಲು. ಮಿಕ್ಕಿದ್ದೂ ತಿನ್ಲಿ, ಎಳಿ.’

ಮಾವ ಕಣ್ಣು ಬಿಟ್ಟ. ಅವ್ವನ ಕಾಲು ಅವನ ಕಾಲಿಗೆ ತಾಗುವಷ್ಟು ಹತ್ತಿರ ಇತ್ತು. ‘ಅಕ್ಕ, ಏಳಕ್ಕ’ ಅಂದ.

‘ನೀ ಹಗ್ಗ ಬುಟ್ರೆ ಏಳ್ತೀನಿ.’

‘ಎಳಿಯೋ!’ ಅಂದರು ವೆಂಕಟಗಿರಿ.

ಮಾವ ಹಗ್ಗ ಬಿಟ್ಟ. ಅದು ಸಗಣಿಯಲ್ಲಿ ಬಿತ್ತು. ಅವನು ಅಲ್ಲೇ ಕುಕ್ಕರಿಸಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ. ಯಜಮಾನರ ಎದುರು ಅವನು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ಎದ್ದು, ನೆಟ್ಟಿನ ಹತ್ತಿರ ನಡೆದುಹೋಗಿ, ನಿನ್ನೆ ಬಿಗಿದ ಹಗ್ಗವನ್ನು ತಾನೇ ಬಿಚ್ಚಿದ. ನೆಟ್ಟು ನೆಲಕ್ಕೆ ಕುಸಿಯಿತು.

ರಸ್ತೆಯಲ್ಲಿ ಕಾರುಗಳು ಬಂದವು. ಗೆಸ್ಟುಗಳು ಇಳಿದರು. ಜರಿ ಪೇಟ, ಕೋಟು, ರೇಷ್ಮೆ ಸೀರೆ. ಪಂಕಜಾ, ಅವಳ ತಾಯಿ, ಬಸವನಗುಡಿಯ ಹುಡುಗಿಯರು. ಎಲ್ಲರೂ ಬೇಲಿಯ ತನಕ ಬಂದರು, ನಿಂತರು. ಏನಾಯ್ತು, ಏನಾಯ್ತು ಅಂದರು. ವೆಂಕಟಗಿರಿ ಇಡ್ಲಿಯ ವಿಷಯ ಹೇಳಲಿಲ್ಲ.

‘ಏನ್ ಬೇಕಮ್ಮ ನಿಂಗೆ? ಅದೇನು ಅಂತ ಹೇಳು, ಮಾತಾಡೋಣ. ಮೊದಲು ಆಚೆ ಬಾ’ ಅಂದರು ಕೊನೆಗೆ, ಮೆಲ್ಲಗೆ. ಬೋರಿ ಅನ್ನಲಿಲ್ಲ.

ಅವ್ವ ಎದ್ದು ನಿಂತಳು. ಸೀರೆಯ ಹಿಂಭಾಗಕ್ಕೆಲ್ಲ ಸಗಣಿ ಮೆತ್ತಿತ್ತು. ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿದಳು. ಅಂಚಿನ ಆಚೆ ಅವರೆಲ್ಲ ನಿಂತಿದ್ದರು, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಒಬ್ಬರೂ ಕಾಲಿಡದೆ. ನಾವು ಮೂರು ಜನ ಒಳಗಿದ್ದೆವು. ಬಿಸಿಲು ಏರಿತ್ತು. ಗೇಟಿನ ಬಳಿ ಸಗಣಿ ಆಗಲೇ ಒಣಗುತ್ತಾ ಬಿಳಿಚಿಕೊಳ್ಳುತ್ತಿತ್ತು.

ಅವ್ವ ನನ್ನ ಕೈ ಹಿಡಿದುಕೊಂಡಳು.

‘ನಡಿ ಮಗ. ಇನ್ನೊಂದ್ ಸುತ್ತು ನಡ್ಯಾನ. ಇನ್ನೂ ಒಣಗಿಲ್ಲ.’